50, 100ರ ಲೆಕ್ಕಕ್ಕೆ ಸಿಗದ ಕೊಡಗಿನ ಮನೆಪಾಠ

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದಾಗ ಜನರ ಕಿವಿಗೆ ಬಿದ್ದದ್ದು ಒಂದೇ ಮಾತು: 16 ವರ್ಷ ತುಂಬದ ಮಕ್ಕಳಿಗೆ ಕೋಚಿಂಗ್ ಇಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ನಿರ್ದೇಶನಗಳನ್ನು ಕೊಟ್ಟಾಗಲೂ ಹಾಗೆಯೇ ಆಯಿತು: ಶಾಲೆಗಳಲ್ಲಿ ಆಪ್ತಸಮಾಲೋಚಕರು ಕಡ್ಡಾಯ. ಎರಡನ್ನೂ ಕೂಡಿಸಿ ಓದಿದ ಕೊಡಗಿನ ಪಾಲಕರಿಗೆ ಗೊಂದಲವಾಗದೆ ಇದ್ದೀತೆ? ಗೋಣಿಕೊಪ್ಪದಲ್ಲಿ ಸಂಜೆ ಹೊತ್ತು ಏಳನೇ ತರಗತಿಯ ಹುಡುಗಿಗೆ ಗಣಿತ ಹೇಳಿಕೊಡುವ ನಿವೃತ್ತ ಶಿಕ್ಷಕಿ ಇನ್ನು ಪಾಠ ನಿಲ್ಲಿಸಬೇಕೆ? ಮೊಬೈಲ್‌ನಲ್ಲಿ ಒಂದೊಂದೇ ಮಗುವಿಗೆ ಪಾಠ ಹೇಳುತ್ತ, ಜೊತೆಗೆ ‘ಮಗುವಿನ ಆತ್ಮವಿಶ್ವಾಸ ಬೆಳೆಸುತ್ತೇವೆ, ಪಾಲಕರಿಗೂ ತರಬೇತಿ ಕೊಡುತ್ತೇವೆ’ ಎಂದು ಜಾಹೀರಾತು ಹಾಕುವವರನ್ನು ಯಾರು ಕೇಳುತ್ತಾರೆ? ಸೂರ್ಲಬ್ಬಿಯಂಥ ಮೂಲೆಯ ಊರಿನ ಪುಟ್ಟ ಶಾಲೆಗೂ ಆಪ್ತಸಮಾಲೋಚಕರು ಬರುತ್ತಾರೆಯೇ?

ಮೊದಲು ಶಿಕ್ಷಕಿಯ ಪ್ರಶ್ನೆಗೆ ಉತ್ತರ, ನಿಲ್ಲಿಸಬೇಕಿಲ್ಲ. ಎರಡನೆಯದಕ್ಕೆ, ಸರಿಯಾಗಿ ಯಾರೂ ಕೇಳುವುದಿಲ್ಲ. ಮೂರನೆಯದಕ್ಕೆ, ಬರುವುದು ಅನುಮಾನ. ಮೂರೂ ಉತ್ತರಗಳು ಹೀಗಾಗಲು ಕಾರಣ ಕಾಗದದ ಮೇಲಿರುವ ಎರಡು ಅಂಕಿಗಳು, 50 ಮತ್ತು 100.

ಕಾಗದದಲ್ಲಿ ಇರುವುದೇನು?

2024ರ ಮಾರ್ಗಸೂಚಿಯ ಪ್ರಕಾರ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಪಾಠ ಹೇಳಿದರೆ ಮಾತ್ರ ಅದು ಕೋಚಿಂಗ್. ಅದರಲ್ಲೂ ಆಪ್ತಸಮಾಲೋಚನೆ, ಕ್ರೀಡೆ, ನೃತ್ಯ, ನಾಟಕ ಮುಂತಾದವನ್ನು ವ್ಯಾಖ್ಯೆಯಿಂದಲೇ ಹೊರಗಿಡಲಾಗಿದೆ. ಒಳಗೆ ಬರುವ ಕೇಂದ್ರಗಳಿಗೆ ಷರತ್ತುಗಳು ಬಿಗಿಯಾಗಿಯೇ ಇವೆ: ನೋಂದಣಿ ಆಗಬೇಕು, ಬೋಧಕರು ಕನಿಷ್ಠ ಪದವೀಧರರಾಗಿರಬೇಕು, ದಿನಕ್ಕೆ 5 ಗಂಟೆ ಮೀರಿ ತರಗತಿ ನಡೆಸಬಾರದು, ಹತ್ತನೇ ತರಗತಿ ಪರೀಕ್ಷೆ ಮುಗಿಸದವರನ್ನು ಅಥವಾ 16 ತುಂಬದವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಬಂದೇ ಬರುತ್ತದೆ ಎಂದು ನಂಬಿಸಬಾರದು, ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳಲ್ಲಿ ಹಿಂತಿರುಗಿಸಬೇಕು. ಮೊದಲ ತಪ್ಪಿಗೆ 25,000 ರೂಪಾಯಿ ದಂಡ, ಎರಡನೆಯದಕ್ಕೆ 1 ಲಕ್ಷ, ಆಮೇಲೂ ಬುದ್ಧಿ ಬಾರದಿದ್ದರೆ ನೋಂದಣಿ ರದ್ದು.

ಆದರೆ ಇದು ಮಾರ್ಗಸೂಚಿ, ಕಾಯ್ದೆಯಲ್ಲ. ಶಿಕ್ಷಣವು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯಗಳು ತಮ್ಮ ನಿಯಮ ಮಾಡಿಕೊಂಡಾಗಲೇ ಇದಕ್ಕೆ ಹಲ್ಲು ಬರುವುದು. ಹಾಗೆ ಮಾಡುವಾಗ ರಾಜ್ಯಗಳು ಕೇಂದ್ರದ ಮಾತನ್ನು ಅಕ್ಷರಶಃ ಪಾಲಿಸಬೇಕೆಂದೂ ಇಲ್ಲ. ಕೋಟಾದಂಥ ಕೋಚಿಂಗ್ ಪೇಟೆಯನ್ನು ಮಡಿಲಲ್ಲಿ ಇಟ್ಟುಕೊಂಡ ರಾಜಸ್ಥಾನ 2025ರಲ್ಲಿ ತನ್ನದೇ ಕಾನೂನು ತಂದಾಗ 16 ವರ್ಷದ ಮಿತಿಯನ್ನು ಸೇರಿಸಲೇ ಇಲ್ಲ.

ಸುಪ್ರೀಂ ಕೋರ್ಟಿನ ತೀರ್ಪಿಗೆ ಮೂಲ, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವು. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ಸೂಕ್ತ ಕಾನೂನು ಬರುವ ತನಕ ಈ ನಿರ್ದೇಶನಗಳೇ ಜಾರಿಯಲ್ಲಿರಲಿ ಎಂದಿತು. ಇವು ಕೋಚಿಂಗ್ ಕೇಂದ್ರಗಳಿಗಷ್ಟೇ ಅಲ್ಲ, ಸರ್ಕಾರಿ ಮತ್ತು ಖಾಸಗಿ ಶಾಲೆ, ಕಾಲೇಜು, ಹಾಸ್ಟೆಲ್‌ಗಳಿಗೂ ಅನ್ವಯಿಸುತ್ತವೆ. ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಬಾರಿ ತರಬೇತಿ, ಪಾಲಕರಿಗೆ ತಿಳಿವಳಿಕೆ ಕಾರ್ಯಕ್ರಮ, ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚಿಗೆ ಹಾಕುವುದಕ್ಕೆ ತಡೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಉಸ್ತುವಾರಿ ಸಮಿತಿ, ಇವೆಲ್ಲ ಅದರಲ್ಲಿವೆ. ಆದರೆ ಆಪ್ತಸಮಾಲೋಚಕರನ್ನು ನೇಮಿಸಲೇಬೇಕಾದದ್ದು 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು. ಅದಕ್ಕಿಂತ ಚಿಕ್ಕವು ಹೊರಗಿನ ಮಾನಸಿಕ ಆರೋಗ್ಯ ತಜ್ಞರೊಂದಿಗೆ ಔಪಚಾರಿಕ ಸಂಪರ್ಕ ಇಟ್ಟುಕೊಂಡರೆ ಸಾಕು.

ಮೂರನೆಯ ನಿಯಮವೊಂದು ಹಳೆಯದು, ಆದರೆ ಈ ಗದ್ದಲದಲ್ಲಿ ಜನ ಮರೆತದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ನಿವೃತ್ತರಿಗೆ, ಮನೆಯಲ್ಲಿರುವ ಪದವೀಧರ ಗೃಹಿಣಿಗೆ, ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವ ಯುವಕನಿಗೆ ಅದು ತಟ್ಟುವುದಿಲ್ಲ. ಕೊಡಗಿನ ಮನೆಪಾಠವನ್ನು ಹೊತ್ತು ನಡೆಸುತ್ತಿರುವವರಲ್ಲಿ ಇಂಥವರೇ ಹೆಚ್ಚು. ಗೋಣಿಕೊಪ್ಪದ ಶಿಕ್ಷಕಿ ನಿಶ್ಚಿಂತೆಯಾಗಿ ಪಾಠ ಮುಂದುವರಿಸಬಹುದು.

ಇಲ್ಲಿ ಟ್ಯೂಷನ್ ಹುಟ್ಟಿದ ಬಗೆ

2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ. 4,102 ಚದರ ಕಿಲೋಮೀಟರಿನಲ್ಲಿ ಇಷ್ಟು ಜನ ಹರಡಿಕೊಂಡರೆ ಊರು ಎಂಬುದು ಗುಂಪಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಮನೆಗೊಂದು ದಾರಿ, ತಿರುವಿಗೊಂದು ಶಾಲೆ. ಆ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು, ಶಿಕ್ಷಕರ ಸಂಖ್ಯೆ ಇನ್ನೂ ಚಿಕ್ಕದು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಕೂರಿಸಿ ಪಾಠ ಮಾಡುವುದು ಅನಿವಾರ್ಯವಾಗುತ್ತದೆ. 50 ಮಕ್ಕಳನ್ನು ಒಂದೇ ಸೂರಿನಡಿ ಸೇರಿಸುವ ಟ್ಯೂಷನ್ ಕೇಂದ್ರ ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ ಬಿಟ್ಟರೆ ಬೇರೆ ಕಡೆ ನಡೆಯುವುದು ಕಷ್ಟ. ಉಳಿದಲ್ಲೆಲ್ಲ ಜಗಲಿಯಲ್ಲಿ ಐದಾರು ಮಕ್ಕಳು, ಇಲ್ಲವೇ ಒಂದೇ ಮಗು.

ಇದರ ಮೇಲೆ ಕ್ಯಾಲೆಂಡರಿನ ಪೆಟ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದಾಗಲೆಲ್ಲ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಸಾರುತ್ತದೆ. 2018ರ ಆಗಸ್ಟ್‌ನ ಭೂಕುಸಿತ, ಮರುವರ್ಷದ ತೋರ ಗ್ರಾಮದ ಮತ್ತು 2020ರ ತಲಕಾವೇರಿ ದುರಂತಗಳನ್ನು ಕಂಡ ಮೇಲೆ ಈ ರಜೆಯನ್ನು ಅನಗತ್ಯ ಎನ್ನುವ ಧೈರ್ಯ ಯಾರಿಗೂ ಇಲ್ಲ, ಇರಲೂಬಾರದು. ಆದರೆ ಕಳೆದ ದಿನಗಳನ್ನು ಶನಿವಾರ, ಭಾನುವಾರಗಳಿಗೆ ತುರುಕಿದಾಗ ಪಾಠ ಓಡುತ್ತದೆ, ಮಗು ಹಿಂದೆ ಉಳಿಯುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೋಬಸ್ಟಾ. ತೋಟದ ಕೂಲಿಕಾರರ ಸಾಲುಮನೆಗಳಾದ ಲೈನ್‌ಮನೆಯ ಮಕ್ಕಳ ಹಾಜರಿ ತೆಳುವಾಗುವುದು, ತಂದೆ ತಾಯಿಯೊಂದಿಗೆ ತೋಟದಿಂದ ತೋಟಕ್ಕೆ ಹೋಗುವ ಮಕ್ಕಳು ಶಾಲೆ ಬದಲಿಸುವುದು ಆಗಲೇ. ಕೊಯ್ಲು ಮುಗಿಯುವ ಹೊತ್ತಿಗೆ ಪರೀಕ್ಷೆ ಬಂದು ನಿಂತಿರುತ್ತದೆ. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತು: ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿದ್ದರಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ 18ರವರೆಗೆ ಬೆಳೆಯಿತು. ಸಮೀಕ್ಷೆಗೆ ‘ಶೈಕ್ಷಣಿಕ’ ಎಂಬ ಹೆಸರಿದ್ದದ್ದು ಕಾಕತಾಳೀಯ.

ಇನ್ನು ಆನೆ. ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ತಿತಿಮತಿ ಭಾಗದಲ್ಲಿ ಸಂಜೆ ಆರರ ನಂತರ ಮಗುವನ್ನು ಟ್ಯೂಷನ್‌ಗೆ ನಡೆಸಿಕೊಂಡು ಹೋಗಿ ಬರುವ ಎದೆಗಾರಿಕೆ ಯಾರಿಗಿದೆ? ಹೀಗಾಗಿ ಪಾಠ ಹೇಳುವವರೇ ಮನೆಗೆ ಬರಬೇಕು, ಇಲ್ಲವೇ ಮೊಬೈಲ್‌ನಲ್ಲಿ ಆಗಬೇಕು. ಎರಡಕ್ಕೂ ಹಣ ಬೇಕು, ಎರಡನೆಯದಕ್ಕೆ ಮಳೆಗಾಲದಲ್ಲಿ ಕರೆಂಟೂ ಸಿಗ್ನಲ್ಲೂ ಬೇಕು.

ದೇಶದ ಚಿತ್ರವೂ ಇದಕ್ಕೆ ತೀರಾ ದೂರವಿಲ್ಲ. 2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಶಿಕ್ಷಣ ಸುತ್ತಿನಲ್ಲಿ 27 ಶೇಕಡ ವಿದ್ಯಾರ್ಥಿಗಳು ಆ ವರ್ಷ ಖಾಸಗಿ ಪಾಠಕ್ಕೆ ಹೋದವರು. ನಗರದಲ್ಲಿ 30.7, ಹಳ್ಳಿಯಲ್ಲಿ 25.5. ಟ್ಯೂಷನ್ ಪಟ್ಟಣದ ಶೋಕಿ ಎನ್ನುವ ಕಾಲ ಮುಗಿದಿದೆ. ನಗರಕ್ಕೂ ಹಳ್ಳಿಗೂ ಇರುವ ಅಂತರ ಹೆಚ್ಚಾಗಿ ಖರ್ಚಿನಲ್ಲಿದೆ: ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ ಸರಾಸರಿ ನಗರದಲ್ಲಿ 3,988 ರೂಪಾಯಿ, ಹಳ್ಳಿಯಲ್ಲಿ 1,793.

52ರಲ್ಲಿ 38 ಕಳೆದರೆ 26

ಒಂದು ಮಗುವಿಗೆ ಒಬ್ಬರೇ ಕುಳಿತು ಹೇಳಿಕೊಡುವ ಪಾಠಕ್ಕೆ ಅಷ್ಟೊಂದು ಬೆಲೆ ಏಕೆ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಮಗು 52ರಲ್ಲಿ 38 ಕಳೆದು 26 ಎಂದು ಬರೆಯುತ್ತದೆ. ನಲವತ್ತು ಪುಸ್ತಕ ತಿದ್ದುವ ಶಿಕ್ಷಕರ ಕೆಂಪು ಪೆನ್ನು ಅಲ್ಲೊಂದು ಅಡ್ಡಗೀಟು ಎಳೆದು ಮುಂದೆ ಹೋಗುತ್ತದೆ. ಎದುರು ಕುಳಿತವರು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿದರೆ ಗುಟ್ಟು ಹೊರಬರುತ್ತದೆ: ಎರಡರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಎಂಟರಲ್ಲಿ ಎರಡು ಕಳೆದೆ. ಅಂದರೆ ಮಗುವಿಗೆ ಕಳೆಯಲು ಬರುತ್ತದೆ, ದಶಕ ಬಿಡಿಸಿ ಬಿಡಿಗೆ ಕೊಡಬಹುದೆಂಬುದು ಗೊತ್ತಿಲ್ಲ. ಅದು ಎರಡನೇ ತರಗತಿಯ ವಿಷಯ. ಐದನೇ ತರಗತಿಯ ಭಾಗಾಕಾರವನ್ನು ಎಷ್ಟು ಸಲ ಹೇಳಿದರೂ ಈ ಬಿರುಕು ಮುಚ್ಚುವುದಿಲ್ಲ. ಎರಡು ವರ್ಷ ಹೀಗೆ ಅಡ್ಡಗೀಟು ತಿಂದ ಮಗು ‘ನನಗೆ ಗಣಿತ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತದೆ. ಲೆಕ್ಕದ ತಪ್ಪು ಮನಸ್ಸಿನ ಗಾಯವಾಗುವುದು ಹೀಗೆ. ಪಾಠ ಬೇರೆ, ಮನಸ್ಸು ಬೇರೆ ಎಂದು ಗೆರೆ ಎಳೆದ ಮಾರ್ಗಸೂಚಿಗೆ ಈ ಸರಳ ಸಂಬಂಧ ಕಾಣಲಿಲ್ಲ.

ಕೊಡಗಿಗೆ ಇನ್ನೂ ಹತ್ತಿರದ ಉದಾಹರಣೆ ಭಾಷೆಯದು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಎರವ ಬುಡಕಟ್ಟಿನ ಭಾಷೆ ಮಾತನಾಡುವ ಮಗು ‘ಭಾರತ’ವನ್ನು ‘ಬಾರತ’ ಎಂದು, ‘ಧನ’ವನ್ನು ‘ದನ’ ಎಂದು ಬರೆಯುತ್ತದೆ. ಆ ಭಾಷೆಗಳ ಸಹಜ ಉಚ್ಚಾರದಲ್ಲಿ ಮಹಾಪ್ರಾಣವಿಲ್ಲ. ಕಿವಿಗೆ ಬೀಳದ ವ್ಯತ್ಯಾಸವನ್ನು ಕೈ ಬರೆಯುವುದಾದರೂ ಹೇಗೆ? ಅವಸರದ ಕಣ್ಣಿಗೆ ಇದು ದಡ್ಡತನವಾಗಿ ಕಾಣುತ್ತದೆ, ಅರೆಬರೆ ತಿಳಿದವರಿಗೆ ಡಿಸ್ಲೆಕ್ಸಿಯಾ ಎಂಬ ಓದು ಬರಹದ ನ್ಯೂನತೆಯಾಗಿ ಕಾಣುತ್ತದೆ. ಎರಡೂ ಅಲ್ಲ, ಅದು ಮನೆಮಾತು. ಆದರೆ ನಿಜವಾಗಿಯೂ ಕಲಿಕಾ ನ್ಯೂನತೆ ಇರುವ ಮಗುವೂ ಇದೇ ಬೆಂಚಿನಲ್ಲಿರುತ್ತದೆ. ಅದು ಅಕ್ಷರಗಳ ಕ್ರಮವನ್ನೇ ತಪ್ಪಿಸುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತದೆ, ಬಾಯಲ್ಲಿ ಸರಸರನೆ ಹೇಳಿದ್ದನ್ನು ಬರೆಯಲು ಒದ್ದಾಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅಂಥ ಮಗುವಿಗೆ ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ. ಯಾರು ಯಾವ ಗುಂಪಿನವರು ಎಂದು ಬೇರ್ಪಡಿಸಲು ಪಕ್ಕದಲ್ಲಿ ಕುಳಿತು ನೋಡುವವರೇ ಬೇಕು.

ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಹೇಳಿದ್ದು ಈಗಲೂ ಟ್ಯೂಷನ್ ಜಾಹೀರಾತುಗಳ ಬಂಡವಾಳ: ಶಿಕ್ಷಕರೊಬ್ಬರ ಎದುರು ಒಬ್ಬನೇ ಕುಳಿತು ಕಲಿತ ಸಾಮಾನ್ಯ ವಿದ್ಯಾರ್ಥಿ, ತರಗತಿಯಲ್ಲಿ ಕಲಿತ 100ರಲ್ಲಿ 98 ಜನರನ್ನು ಹಿಂದೆ ಹಾಕುತ್ತಾನೆ. ಅಷ್ಟು ದೊಡ್ಡ ಲಾಭ ನಂತರದ ಅಧ್ಯಯನಗಳಲ್ಲಿ ಕಾಣಲಿಲ್ಲ. 2020ರಲ್ಲಿ 96 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದರ ಲೆಕ್ಕ ಹೆಚ್ಚು ನಂಬಲರ್ಹ. ಅದನ್ನು ಸರಳವಾಗಿ ಹೇಳುವುದಾದರೆ, ಕೆಳಗಿನಿಂದ ಎಣಿಸಿ 100 ಮಕ್ಕಳ ಸಾಲಿನಲ್ಲಿ 50ನೆಯದಾಗಿದ್ದ ಮಗು 64ರ ಆಸುಪಾಸಿಗೆ ಬರುತ್ತದೆ. ಚಮತ್ಕಾರವಲ್ಲ, ಆದರೆ ಶಿಕ್ಷಣದಲ್ಲಿ ಇಷ್ಟು ಫಲ ಕೊಡುವ ಉಪಾಯಗಳು ಬೆರಳೆಣಿಕೆಯಷ್ಟೇ.

ಅದೇ ವಿಮರ್ಶೆಯ ಇನ್ನೆರಡು ಮಾತುಗಳು ಕೊಡಗಿನ ಪಾಲಕರಿಗೆ ಕಹಿಯಾಗಬಹುದು. ಶಾಲೆಯ ಅವಧಿಯಲ್ಲೇ ನಡೆದ ಪಾಠ ಶಾಲೆ ಬಿಟ್ಟ ಮೇಲಿನ ಪಾಠಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಕೆಳಗಿನ ತರಗತಿಗಳಲ್ಲಿ, ಮುಖ್ಯವಾಗಿ ಓದಿನಲ್ಲಿ, ಲಾಭ ಹೆಚ್ಚು ಗಟ್ಟಿಯಾಗಿದೆ. ನಾವು ಮಾಡುವುದು ಇದರ ತಿರುವುಮುರುವು: ಒಂಬತ್ತನೇ ತರಗತಿಯವರೆಗೆ ಸುಮ್ಮನಿದ್ದು, ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ, ದಣಿದ ಸಂಜೆಯಲ್ಲಿ ಟ್ಯೂಷನ್‌ಗೆ ಹಾಕುತ್ತೇವೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಉತ್ತೀರ್ಣ ಪ್ರಮಾಣ 2024ರಲ್ಲಿ 73.40 ಶೇಕಡ ಇದ್ದದ್ದು, ಕೃಪಾಂಕ ತೆಗೆದ 2025ರಲ್ಲಿ 62.34ಕ್ಕೆ ಇಳಿದಾಗ ಈ ಅವಸರ ಇನ್ನೂ ಹೆಚ್ಚಿತು. ಕೊಡಗು ಈ ಪಟ್ಟಿಯಲ್ಲಿ ಮೇಲಿನ ಜಿಲ್ಲೆಗಳಲ್ಲೇ ಇದೆ ಎಂಬುದು ನಿಜ. ಆದರೆ ಜಿಲ್ಲೆಯ ಸರಾಸರಿಯು ಬುಡಕಟ್ಟು ಹಾಡಿಯ ಮಗುವಿನ ಅಂಕಪಟ್ಟಿಯನ್ನು ಮುಚ್ಚಿಡುತ್ತದೆ.

ಮನಸ್ಸಿನ ಪಾಠ ಯಾರ ಕೆಲಸ?

‘ಸಾಮಾಜಿಕ–ಭಾವನಾತ್ಮಕ ಕಲಿಕೆ’ ಎಂಬ ಪದ ಭಾರವಾಗಿದೆ, ಒಳಗಿರುವುದು ಮಾತ್ರ ದಿನನಿತ್ಯದ್ದು: ತನ್ನ ಸಿಟ್ಟು, ಭಯವನ್ನು ಗುರುತಿಸುವುದು, ಅದನ್ನು ಹಿಡಿತದಲ್ಲಿಡುವುದು, ಎದುರಿನವರ ಮನಸ್ಸು ಅರಿಯುವುದು, ಗೆಳೆತನ ಉಳಿಸಿಕೊಳ್ಳುವುದು, ಯೋಚಿಸಿ ಹೆಜ್ಜೆ ಇಡುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಕಲಿಕೆಯ ಭಾಗವೆಂದೇ ಒಪ್ಪಿದೆ. ದೆಹಲಿ ಸರ್ಕಾರ 2018ರಲ್ಲೇ ತನ್ನ ಶಾಲೆಗಳಲ್ಲಿ ‘ಹ್ಯಾಪಿನೆಸ್’ ಪಠ್ಯಕ್ರಮ ತಂದಿತ್ತು.

ಇದರಿಂದ ಓದಿಗೆ ಲಾಭವಿದೆಯೇ? ಇದೆ ಎನ್ನುತ್ತದೆ 2011ರ ಒಂದು ದೊಡ್ಡ ವಿಮರ್ಶೆ. 213 ಕಾರ್ಯಕ್ರಮಗಳು, 2.7 ಲಕ್ಷ ವಿದ್ಯಾರ್ಥಿಗಳು, ಓದಿನಲ್ಲಿ ನೂರರ ಸಾಲಿನಲ್ಲಿ 11 ಸ್ಥಾನದಷ್ಟು ಮುನ್ನಡೆ. ಆದರೆ ಬ್ರಿಟನ್ನಿನಲ್ಲಿ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳಿಗೆ ಮನಸ್ಸನ್ನು ಏಕಾಗ್ರಗೊಳಿಸುವ ಪಾಠ ಹೇಳಿ ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಪಾಠಕ್ಕಿಂತ ಹೆಚ್ಚಿನದೇನೂ ಸಿಕ್ಕಿರಲಿಲ್ಲ. ‘ಮನಸ್ಸಿಗೆ ಒಳ್ಳೆಯದು’ ಎಂಬ ಹೆಸರಿಟ್ಟ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ.

ನಮಗೆ ಹೆಚ್ಚು ಪಾಠ ಕಲಿಸುವುದು ಬಿಹಾರದ ನಳಂದಾ ಜಿಲ್ಲೆಯ ಪ್ರಯೋಗ. ಅಲ್ಲಿನ ಪ್ರೌಢಶಾಲೆಗಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿನಲ್ಲಿ ಹೊರಗಿನಿಂದ ಬಂದ, ತಜ್ಞರಲ್ಲದ ಆದರೆ ತರಬೇತಿ ಪಡೆದ ಸಲಹೆಗಾರರು; ಇನ್ನೊಂದರಲ್ಲಿ ಅದೇ ಕೆಲಸವನ್ನು ಶಾಲೆಯ ಶಿಕ್ಷಕರೇ ಮಾಡಿದರು; ಮೂರನೆಯದು ಮಾಮೂಲಿ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಸಲಹೆಗಾರರಿದ್ದ ಶಾಲೆಗಳ ವಾತಾವರಣ ಸ್ಪಷ್ಟವಾಗಿ ಸುಧಾರಿಸಿತು, ಶಿಕ್ಷಕರಿಗೇ ವಹಿಸಿದ ಕಡೆ ಅಂಥ ಲಾಭ ಕಾಣಲಿಲ್ಲ. ಶಿಕ್ಷಕರಿಗೆ ಕಾಳಜಿ ಇಲ್ಲವೆಂದು ಇದರ ಅರ್ಥವಲ್ಲ. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಮತದಾರರ ಪಟ್ಟಿ, ಆನ್‌ಲೈನ್ ನಮೂದು ಎಲ್ಲ ಹೊತ್ತವರ ಹೆಗಲಿಗೆ ಇನ್ನೊಂದು ಮೂಟೆ ಹಾಕಿದರೆ ಏನಾಗುತ್ತದೆಯೋ ಅದೇ ಆಗಿರಬೇಕು. ಜೊತೆಗೆ, ಅಂಕ ಹಾಕುವವರ ಮುಂದೆ ಮಗು ತನ್ನ ಭಯ ಬಿಚ್ಚಿಡುವುದೂ ಕಷ್ಟ. ಸುಪ್ರೀಂ ಕೋರ್ಟಿನ ನಿರ್ದೇಶನ ಜಾರಿಗೆ ಬರುವಾಗ ‘ಇರುವ ಶಿಕ್ಷಕರಲ್ಲೇ ಒಬ್ಬರಿಗೆ ಎರಡು ದಿನ ತರಬೇತಿ ಕೊಟ್ಟು ಆಪ್ತಸಮಾಲೋಚಕರೆಂದು ಕರೆಯೋಣ’ ಎಂಬ ಅಗ್ಗದ ದಾರಿಗೆ ಇಲಾಖೆ ಹೊರಳಿದರೆ, ಫಲವೇನೆಂದು ನಳಂದಾ ಆಗಲೇ ಹೇಳಿದೆ.

ಖಾಸಗಿ ‘ಕೋಚ್’ಗಳ ಕಥೆ ಬೇರೆ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಮತ್ತು ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 1992ರ ಕಾಯ್ದೆ ಅದನ್ನು ಹೇಳುತ್ತದೆ. ಮನೋವೈದ್ಯರಂತೂ ವೈದ್ಯರೇ. ಆದರೆ ‘ಪೇರೆಂಟಿಂಗ್ ಕೋಚ್’, ‘ಲೈಫ್ ಕೋಚ್’ ಎಂದು ಫಲಕ ಹಾಕಿಕೊಳ್ಳಲು ಯಾವ ನೋಂದಣಿಯೂ ಬೇಡ. ವಾರಾಂತ್ಯದ ಆನ್‌ಲೈನ್ ಪ್ರಮಾಣಪತ್ರ ಹಿಡಿದವರೂ, ಹತ್ತಿಪ್ಪತ್ತು ವರ್ಷ ಮಕ್ಕಳೊಂದಿಗೆ ಒಡನಾಡಿದವರೂ ಒಂದೇ ಹೆಸರಿನಲ್ಲಿ ಸಿಗುತ್ತಾರೆ. ಇದರಿಂದ ಆಗುವ ದೊಡ್ಡ ಹಾನಿ ಹಣದ್ದಲ್ಲ, ಕಾಲದ್ದು. ಕನ್ನಡಕ ಬೇಕಾದ ಮಗುವಿಗೆ, ಕಿವಿ ಪರೀಕ್ಷೆ ಆಗಬೇಕಾದ ಮಗುವಿಗೆ, ಖಿನ್ನತೆಗೆ ಚಿಕಿತ್ಸೆ ಬೇಕಾದ ಹದಿಹರೆಯದವರಿಗೆ ಆರು ತಿಂಗಳು ಆತ್ಮವಿಶ್ವಾಸದ ಪಾಠ ಹೇಳಿದರೆ ಆ ಆರು ತಿಂಗಳು ಹೋದಂತೆಯೇ. ಒಳ್ಳೆಯ ಕೋಚ್ ‘ಇದು ನನ್ನಿಂದ ಆಗುವುದಲ್ಲ, ಡಾಕ್ಟರ ಹತ್ತಿರ ಹೋಗಿ’ ಎಂದು ಬೇಗ ಹೇಳುತ್ತಾರೆ. ತಿಂಗಳ ಶುಲ್ಕದ ಮೇಲೆ ಬದುಕುವವರಿಗೆ ಹಾಗೆ ಹೇಳುವುದರಿಂದ ನಷ್ಟ.

ಅಪ್ಪ ಅಮ್ಮನಿಗೂ ತರಬೇತಿಯೇ?

ಈ ಮಾತು ಕೇಳಿ ಸಿಡುಕುವವರು ಇದ್ದಾರೆ. ನಮ್ಮ ಹಿರಿಯರು ಯಾವ ಕೋಚಿಂಗ್ ಪಡೆದು ಎಂಟು ಮಕ್ಕಳನ್ನು ಬೆಳೆಸಿದರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಎಂಟು ಮಕ್ಕಳನ್ನು ಬೆಳೆಸಿದ್ದು ಅಪ್ಪ ಅಮ್ಮ ಇಬ್ಬರೇ ಅಲ್ಲ. ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ, ಅಕ್ಕಪಕ್ಕದವರು. ಕೊಡವರ ಹಿರಿಯರ ಮೂಲಮನೆಯಾದ ಐನ್‌ಮನೆ ಈಗ ಕುಟುಂಬದವರು ಹಬ್ಬಕ್ಕೆ ಸೇರುವ ಜಾಗವಾಗುತ್ತಿದೆ. ತೋಟದ ಮನೆಯಲ್ಲಿ ಮೂವರು, ಲೈನ್‌ಮನೆಯಲ್ಲಿ ಶಾಲೆ ಬಿಟ್ಟು ಬಂದ ಮಗು ಒಂದೇ. ಅಪ್ಪ ಅಮ್ಮ ಕೆಲಸ ಮುಗಿಸಿ, ಸ್ನಾನ ಮಾಡಿ, ಒಲೆ ಹಚ್ಚುವ ಹೊತ್ತಿಗೆ ಕತ್ತಲು.

ಪಾಲಕರ ತರಬೇತಿ ಎಂದರೆ ಉಪನ್ಯಾಸವಾಗಬೇಕಿಲ್ಲ. ‘ಎಷ್ಟು ಅಂಕ ಬಂತು’ ಎನ್ನುವುದಕ್ಕೆ ಮೊದಲು ‘ಯಾವುದು ಕಷ್ಟವಾಯಿತು’ ಎಂದು ಕೇಳುವುದು, ಪಕ್ಕದ ಮನೆಯ ಹುಡುಗನ ಹೆಸರು ಎತ್ತದಿರುವುದು, ಊಟದ ಹೊತ್ತಿಗೆ ತಮ್ಮ ಮೊಬೈಲನ್ನೂ ಬದಿಗಿಡುವುದು, ಓದು ಬಾರದ ತಾಯಿಯೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ನೀನು ಓದು, ನಾನು ಕೇಳುತ್ತೇನೆ’ ಎನ್ನುವುದು. ಇಷ್ಟಕ್ಕೆ ಕಾಸು ಬೇಡ. ಹೇಳಿಕೊಡಲು ಮಾತ್ರ ಯಾರಾದರೂ ಬೇಕು, ಅದೂ ತೋಟದ ಕೆಲಸವಿಲ್ಲದ ಹೊತ್ತಿನಲ್ಲಿ. ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದು, ಕೂಲಿಯವರು ಬರಲಿಲ್ಲ ಎಂದು ಷರಾ ಬರೆಯುವುದು ಸುಲಭ.

ಯಾರ ವಾದ ಏನು?

ಟ್ಯೂಷನ್ ವಿರೋಧಿಗಳ ವಾದ ತಳ್ಳಿಹಾಕುವಂಥದ್ದಲ್ಲ. ಶಾಲೆಯ ಕೆಲಸ ಶಾಲೆಯಲ್ಲೇ ಆಗಬೇಕು, ಮನೆಪಾಠ ಬೆಳೆದಷ್ಟೂ ಶಾಲೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಕಾಸಿದ್ದವರ ಮಕ್ಕಳು ಮುಂದೆ ಹೋಗುತ್ತಾರೆ ಎನ್ನುತ್ತಾರೆ. ಪಾಲಕರ ಉತ್ತರವೂ ನೇರ: ಶಾಲೆ ಸರಿಯಾಗುವ ತನಕ ನನ್ನ ಮಗು ಕಾಯುವುದಿಲ್ಲ. ಪಾಠ ಹೇಳುವವರಿಗೆ ನೋಂದಣಿ, ತಪಾಸಣೆ ಎಂದರೆ ಕಚೇರಿ ಅಲೆದಾಟದ ಭಯ. ದೊಡ್ಡ ಕೇಂದ್ರಗಳಿಗೆ ಇದು ಅಷ್ಟು ಕಾಡದು, ಲೆಕ್ಕಪತ್ರಕ್ಕೆ ಅವರಲ್ಲಿ ಜನ ಇದ್ದಾರೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ 18 ಶೇಕಡ ಜಿಎಸ್‌ಟಿ ಕಟ್ಟಿ ಅದನ್ನೂ ಶುಲ್ಕಕ್ಕೆ ಸೇರಿಸುತ್ತಾರೆ. ಆರು ಮಕ್ಕಳ ಜಗಲಿ ಪಾಠಕ್ಕೆ ಆ ಶಕ್ತಿ ಇಲ್ಲ. ಮಕ್ಕಳ ಹಕ್ಕಿನ ಪರ ಮಾತನಾಡುವವರು ಎತ್ತುವ ಪ್ರಶ್ನೆ ಇನ್ನೊಂದು: ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು. ಸುರಕ್ಷತೆ ಏನು?

ಈ ಕೊನೆಯ ಪ್ರಶ್ನೆಗೆ ಸಂಖ್ಯೆಯ ಮಿತಿ ಉತ್ತರವೇ ಅಲ್ಲ. 50 ಮಕ್ಕಳ ಹಾಲ್‌ಗಿಂತ ಒಂಟಿ ಮಗುವಿನ ಕೋಣೆಯಲ್ಲಿ ಅಪಾಯ ಹೆಚ್ಚು, ನಿಯಮ ಇರುವುದು ಹಾಲ್‌ಗೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ, ದೌರ್ಜನ್ಯ ನಡೆದದ್ದು ಗೊತ್ತಾದವರು ದೂರು ಕೊಡಲೇಬೇಕು; ಆದರೆ ಅದು ನಡೆದ ಮೇಲಿನ ಮಾತು. ತಡೆಯಲು ಇರುವುದು ಹಳೆಯ ಕೊಡಗಿನ ಮನೆಗಳ ರೂಢಿಯೇ: ಪಾಠ ಜಗಲಿಯಲ್ಲಿ, ಬಾಗಿಲು ತೆರೆದು, ಮನೆಯವರ ಕಣ್ಣಳತೆಯಲ್ಲಿ. ಆನ್‌ಲೈನ್ ಪಾಠಕ್ಕೆ ಜಗಲಿ ಇಲ್ಲ. ಅಲ್ಲಿ ಮಗುವಿನ ಮುಖ, ಧ್ವನಿ, ಕೆಲವೊಮ್ಮೆ ಅದರ ಮನಸ್ಸಿನ ವಿವರವೂ ಎಲ್ಲೋ ದಾಖಲಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ಓದಿ ನೋಡುವುದೊಂದೇ ರಕ್ಷೆ.

ಮುಂದೇನಾಗಬಹುದು?

ರಾಜ್ಯದ ನಿಯಮದಲ್ಲೂ 50 ಮತ್ತು 100 ಎಂಬ ಇದೇ ಮಿತಿಗಳು ಉಳಿದರೆ ಕೊಡಗಿನಲ್ಲಿ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಪಟ್ಟಣದ ದೊಡ್ಡ ಶಾಲೆಗಳು ಆಪ್ತಸಮಾಲೋಚಕರನ್ನು ನೇಮಿಸುತ್ತವೆ, ಖರ್ಚು ಶುಲ್ಕದಲ್ಲಿ ಸೇರುತ್ತದೆ. ಪಿಯುಸಿಗೆ ಮೈಸೂರು, ಮಂಗಳೂರಿನ ಹಾಸ್ಟೆಲ್ ಸೇರುವ ಮಕ್ಕಳಿಗೆ ಅಲ್ಲಿನ ದೊಡ್ಡ ಕಾಲೇಜಿನಲ್ಲಿ ಈ ರಕ್ಷಣೆ ಸಿಗುತ್ತದೆ. ಅಂದರೆ ಕೊಡಗಿನ ಹಳ್ಳಿಯ ಮಗುವಿಗೆ ಆಪ್ತಸಮಾಲೋಚಕರು ಸಿಗುವುದು ಕೊಡಗು ಬಿಟ್ಟ ಮೇಲೆ, ಅದೂ 16ರ ನಂತರ. 52ರಲ್ಲಿ 38 ಕಳೆದು 26 ಬರೆದ ಏಳೆಂಟರ ವಯಸ್ಸಿನಲ್ಲಿ ಅಲ್ಲ.

ಮಿತಿಯನ್ನು ಇಳಿಸಿ ಎಲ್ಲ ಮನೆಪಾಠಕ್ಕೂ ನೋಂದಣಿ ಕಡ್ಡಾಯ ಮಾಡಿದರೆ? ಆಗ ಜಗಲಿ ಪಾಠದವರು ಒಂದೋ ನಿಲ್ಲಿಸುತ್ತಾರೆ, ಇಲ್ಲವೇ ಬಾಗಿಲು ಮುಚ್ಚಿ ಮುಂದುವರಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಬಿಟ್ಟ ಜಾಗವನ್ನು ಹೊರಗಿನ ಆನ್‌ಲೈನ್ ಕಂಪನಿಗಳು ತುಂಬುತ್ತವೆ. ಅಂಥ ಕಂಪನಿಗಳಿಗೆ ವರ್ಷದ ಶುಲ್ಕವನ್ನು ಕಂತಿನ ಸಾಲ ಮಾಡಿ ಮುಂಗಡ ಕಟ್ಟುವವರು ಒಂದು ದಿನಾಂಕ ನೆನಪಿಡಬೇಕು: ದೇಶದ ಅತಿ ದೊಡ್ಡ ಆನ್‌ಲೈನ್ ಶಿಕ್ಷಣ ಕಂಪನಿ ಎನಿಸಿದ್ದ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ನಡುದಾರಿಯೊಂದಿದೆ, ಅದಕ್ಕೆ ಹೊಸ ಕಾನೂನೂ ಬೇಡ. ಶಿಕ್ಷಣ ಇಲಾಖೆ ಅಕ್ಕಪಕ್ಕದ ಶಾಲೆಗಳನ್ನು ಆಗಲೇ ಕ್ಲಸ್ಟರ್ ಎಂಬ ಗುಂಪುಗಳಾಗಿ ಕಟ್ಟಿದೆ. 30, 40 ಮಕ್ಕಳ ಶಾಲೆಗಳನ್ನು ಒಂದೊಂದಾಗಿ ಎಣಿಸಿದರೆ ಯಾವುದೂ 100 ಮುಟ್ಟುವುದಿಲ್ಲ, ಕ್ಲಸ್ಟರನ್ನು ಒಂದೇ ಸಂಸ್ಥೆಯೆಂದು ಎಣಿಸಿದರೆ ಆರಾಮವಾಗಿ ದಾಟುತ್ತದೆ. ವಾರದಲ್ಲಿ ಒಂದು ದಿನ ಒಂದು ಶಾಲೆಯಂತೆ ಸುತ್ತುವ ಒಬ್ಬ ಆಪ್ತಸಮಾಲೋಚಕಿ, ಬೆಳಗಿನ ಮೊದಲ ಅವಧಿಯಲ್ಲಿ ಹಿಂದುಳಿದ ಎರಡು ಮೂರು ಮಕ್ಕಳನ್ನು ಪ್ರತ್ಯೇಕ ಕೂರಿಸಿಕೊಳ್ಳುವ ಒಬ್ಬ ಅತಿಥಿ ಬೋಧಕಿ. ಪಕ್ಕದ ಎಚ್.ಡಿ. ಕೋಟೆಯಲ್ಲಿ ಮೂರು ದಶಕಗಳ ಹಿಂದೆ ಹುಟ್ಟಿದ ನಲಿಕಲಿ, ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಏರಲಿ ಎಂಬ ಇದೇ ವಿಚಾರದ ಮೇಲೆ ನಿಂತದ್ದು, ಅದೂ ಹಲವು ತರಗತಿಗಳು ಒಂದೇ ಕೋಣೆಯಲ್ಲಿರುವ ಶಾಲೆಗಳಿಗಾಗಿ. ಕೂಡಿಗೆಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಇದು ಅಪರಿಚಿತ ವಿದ್ಯೆಯಲ್ಲ. ತೊಡಕು ಇರುವುದು ಸಂಬಳದಲ್ಲಿ: ಅತಿಥಿ ಹುದ್ದೆಯಲ್ಲಿ ಬಂದವರು ವರ್ಷದ ಕೊನೆಗೆ ಹೋಗುತ್ತಾರೆ, ಮಗುವಿನ ನಂಬಿಕೆ ಮತ್ತೆ ಮೊದಲಿನಿಂದ ಶುರುವಾಗಬೇಕು.

ಇದು ಆಗದಿದ್ದರೆ ಪುಟ್ಟ ಶಾಲೆಗಳ ಪಾಲಿಗೆ ಉಳಿಯುವುದು ‘ಔಪಚಾರಿಕ ಸಂಪರ್ಕ’. ಜಿಲ್ಲೆಯಲ್ಲಿ ಅದರ ಅರ್ಥ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಕುಟ್ಟದಿಂದ ಮಡಿಕೇರಿಗೆ ಮಗುವನ್ನು ಕರೆದೊಯ್ದು ತರುವುದೆಂದರೆ ಇಡೀ ದಿನ, ಎರಡು ಬಸ್, ಒಂದು ದಿನದ ಕೂಲಿ. ಒಮ್ಮೆ ಹೋದಾರು, ಪ್ರತಿ ವಾರ ಹೋಗಲಾರರು. ಈ ಚಿಕಿತ್ಸೆ ಫಲ ಕೊಡುವುದು ಮತ್ತೆ ಮತ್ತೆ ಹೋದರೆ. ಕೊನೆಗೆ ಶಾಲೆಯ ಗೋಡೆಯ ಮೇಲೆ 14416 ಎಂಬ ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ಬರೆದು, ಸಂಪರ್ಕ ಕಲ್ಪಿಸಲಾಗಿದೆ ಎಂದು ಕಡತದಲ್ಲಿ ನಮೂದಿಸಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಆ ಸೇವೆ ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, 20 ಭಾಷೆಗಳಲ್ಲಿ ಮಾತನಾಡುತ್ತದೆ. ಅಸ್ಸಾಮಿನಿಂದ ಕಾಫಿ ಕೊಯ್ಯಲು ಬಂದ ಕುಟುಂಬದ ಮಗುವಿಗೆ ಅದರಲ್ಲಿ ತನ್ನ ಭಾಷೆ ಸಿಕ್ಕೀತು. ಎರವ ಮಗುವಿಗೆ ಸಿಗುವುದಿಲ್ಲ.